ಕಣ್ಣ ರೆಪ್ಪೆಯ ಮೇಲಿನ ನೀಲಿ

ಎಪ್ಪತ್ತರ ಹರೆಯದಲ್ಲಿ (ಹರೆಯವೆಂದೇ ಬರೆದಿದ್ದೇನೆ, ನಗುವವರು ನಗಲಿ) ನಾನು ಮೊದಲ ಬಾರಿಗೆ ಕಣ್ಣಿಗೆ ಕಾಡಿಗೆಯಲ್ಲದ ಬಣ್ಣವನ್ನು ಹಚ್ಚಿಕೊಂಡೆ. ಮಲೆನಾಡಿನ ಪ್ರೌಢಶಾಲೆಗಳಲ್ಲಿ ಮೂವತ್ತಾರು ವರ್ಷ ವಿಜ್ಞಾನ ಪಾಠ ಮಾಡಿ, 2012ರಲ್ಲಿ ನಿವೃತ್ತಳಾದ ಹೆಂಗಸು ಇಂಥ ವಿಷಯವನ್ನು ಬರೆಯಲು ಕುಳಿತಿದ್ದಾಳೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಅವರಲ್ಲೊಬ್ಬಳಿಗೆ ಆಶ್ಚರ್ಯಕ್ಕಿಂತ ಬೇರೇನೋ ಅನ್ನಿಸಬೇಕು. ಅದನ್ನು ಮುಂದೆ ಹೇಳುತ್ತೇನೆ.

2022ರ ಡಿಸೆಂಬರ್ ತಿಂಗಳನ್ನು ನಾನೂ ನಮ್ಮ ಯಜಮಾನರೂ ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕಳೆದೆವು. ಕ್ರಿಸ್‌ಮಸ್ ಕಾಲದ ಅಮೆರಿಕೆಯ ಅಂಗಡಿಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ದೀಪಾವಳಿಗೆ ಸೀರೆ ಅಂಗಡಿಗಳು ಹೊಸ ನಮೂನೆಗಳನ್ನು ತರಿಸುವಂತೆ, ಅಲ್ಲಿ ಪ್ರಸಾಧನ ತಯಾರಿಸುವ ಕಂಪನಿಗಳು ಚಳಿಗಾಲ ಕಾಲಿಡುವ ಮೊದಲೇ 'ಹಾಲಿಡೇ ಪ್ಯಾಲೆಟ್' ಎಂಬ ಬಣ್ಣದ ಪೆಟ್ಟಿಗೆಗಳನ್ನು ಹೊರತರುತ್ತವೆ. ಕೆಂಪು, ಹಸಿರು, ಬಂಗಾರದ ಹೊದಿಕೆ. ತೆರೆದರೆ ಒಳಗೆ ಕನ್ನಡಿ, ಅದರ ಕೆಳಗೆ ಸಾಲಾಗಿ ಬಣ್ಣದ ಬಿಲ್ಲೆಗಳು. ಆ ಹಬ್ಬ ಮುಗಿದ ಮೇಲೆ ಅದೇ ಪೆಟ್ಟಿಗೆ ಮತ್ತೆ ಬರುವುದಿಲ್ಲವೆಂಬುದೇ ಅದರ ಆಕರ್ಷಣೆ. 'ಈಗ ಬಿಟ್ಟರೆ ಇನ್ನು ಸಿಗದು' ಎಂಬ ಮಾತಿಗೆ ಮರುಳಾಗದವರು ಯಾವ ದೇಶದಲ್ಲಿದ್ದಾರೆ?

ನನ್ನ ಮೊಮ್ಮಗಳಿಗೆ ಆಗ ಹದಿನಾರು ವರ್ಷ. ತಾನು ಕೂಡಿಟ್ಟ ಹಣದಿಂದ ಹದಿನೆಂಟು ಬಿಲ್ಲೆಗಳ ಒಂದು ಪೆಟ್ಟಿಗೆಯನ್ನು ತಂದಿದ್ದಳು. ಡಿಸೆಂಬರ್ 23ರಂದು ಅಲ್ಲಿ ಭಾರೀ ಚಳಿಗಾಳಿ ಬೀಸಿ, ಬೆಳಗ್ಗೆ ಮಳೆಯಾಗಿದ್ದ ನೀರು ಸಂಜೆಯ ಹೊತ್ತಿಗೆ ಮಂಜುಗಡ್ಡೆಯಾಯಿತು. ಯಾರೂ ಹೊರಗೆ ಕಾಲಿಡುವಂತಿರಲಿಲ್ಲ. ಮನೆಯೊಳಗೆ ಬೇಸರಪಟ್ಟ ಹುಡುಗಿ ನನ್ನ ಮುಂದೆ ಬಂದು ಕುಳಿತು, "ಅಜ್ಜೀ, ನಿನ್ನ ಕಂಫರ್ಟ್ ಝೋನಿನಿಂದ ಸ್ವಲ್ಪ ಆಚೆ ಬಾ" ಎಂದಳು. ಅವಳ ಕನ್ನಡದಲ್ಲಿ ಇಂಥ ಮಾತುಗಳು ಧಾರಾಳ. ನಾನು ಅದನ್ನು 'ಬೆಚ್ಚಗಿನ ಗೂಡು' ಎಂದು ಅರ್ಥಮಾಡಿಕೊಂಡೆ. ಆಚೆ ಅಷ್ಟು ಚಳಿಯಿರುವಾಗ ಗೂಡು ಬಿಟ್ಟು ಬಾ ಎನ್ನುತ್ತಾಳಲ್ಲ!

ನನ್ನ ಗೂಡಾದರೂ ಎಂಥದು? ಕಾಡಿಗೆಯದು. ನಮ್ಮ ತಾಯಿ ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚುತ್ತಿದ್ದರು. ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕಿ, ರಾತ್ರಿಯೆಲ್ಲ ಕೂಡಿದ ಮಸಿಯನ್ನು ಬೆಳಗ್ಗೆ ತುಪ್ಪದಲ್ಲಿ ಮಿದ್ದು ಬೆಳ್ಳಿಯ ಕರಡಿಗೆಗೆ ತುಂಬುತ್ತಿದ್ದರು. ಆ ಕಪ್ಪು ಗೆರೆಯ ಹೊರತು ನನ್ನ ಕಣ್ಣು ಬೇರೇನನ್ನೂ ಬಯಸಿರಲಿಲ್ಲ. ಬಯಸಿರಲಿಲ್ಲವೋ, ಬಯಸಬಾರದೆಂದು ಕಲಿತಿತ್ತೋ, ಈಗ ಬಿಡಿಸಿ ಹೇಳುವುದು ಕಷ್ಟ. ಅಧ್ಯಾಪಿಕೆಯಾದ ಮೇಲೆ ಆ ಗೆರೆಯನ್ನೂ ತೆಳುವಾಗಿಸಿದ್ದೆ.

ಒಪ್ಪುವ ಮೊದಲು ನಾನು ಎರಡು ಷರತ್ತುಗಳನ್ನು ಹಾಕಿದೆ. 2021ರಲ್ಲಿ ನನ್ನ ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಆದಮೇಲೆ ಕೆಲವು ವಾರ ಕಾಡಿಗೆಯನ್ನೂ ಮುಟ್ಟಬಾರದೆಂದು ವೈದ್ಯರು ಹೇಳಿದ್ದರು. ಆ ಅವಧಿ ಮುಗಿದು ವರ್ಷವೇ ಕಳೆದಿದ್ದರೂ, ಮಿನುಗು ಪುಡಿ ಕಣ್ಣೊಳಗೆ ಉದುರಬಾರದೆಂಬುದು ಮೊದಲ ಷರತ್ತು. ಎರಡನೆಯದು ನನ್ನ ಸಸ್ಯಾಹಾರಕ್ಕೆ ಸಂಬಂಧಿಸಿದ್ದು. ಕೆಂಪು ಪ್ರಸಾಧನಗಳಲ್ಲಿ ಬಳಸುವ ಕಾರ್ಮೈನ್ ಎಂಬ ಬಣ್ಣವನ್ನು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಕೀಟದಿಂದ ತೆಗೆಯುತ್ತಾರೆ. ಅಮೆರಿಕೆಯಲ್ಲಿ 2011ರಿಂದ ಅದನ್ನು ಹೆಸರು ಹೇಳಿಯೇ ಪೆಟ್ಟಿಗೆಯ ಮೇಲೆ ನಮೂದಿಸಬೇಕೆಂಬ ನಿಯಮವಿದೆ. ಆದ್ದರಿಂದ ಭೂತಗನ್ನಡಿ ಹಿಡಿದು ಪೆಟ್ಟಿಗೆಯ ಹಿಂಬದಿಯನ್ನು ಓದಲು ಕುಳಿತೆ. ಕಾರ್ಮೈನ್ ಇರಲಿಲ್ಲ.

ಆದರೆ ಓದುತ್ತ ಹೋದಂತೆ ನನ್ನೊಳಗಿನ ವಿಜ್ಞಾನದ ಅಧ್ಯಾಪಿಕೆ ಎದ್ದು ಕುಳಿತಳು. ಐರನ್ ಆಕ್ಸೈಡ್, ಸಂಖ್ಯೆ 77491. ಅಂದರೆ ಕೆಮ್ಮಣ್ಣಿನ ಕೆಂಪು! ನಮ್ಮ ಕಡೆಯ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವ ಮೊದಲು ಗೋಡೆಗೆ ಬಳಿಯುವ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಅದೇ ಕಬ್ಬಿಣದ ತುಕ್ಕು. 77492 ಅದರ ಹಳದಿ ರೂಪ, 77499 ಕಪ್ಪು. ಬಂಗಾರದ ಹೊದಿಕೆಯ ಪೆಟ್ಟಿಗೆಯೊಳಗೆ ಮುಕ್ಕಾಲು ಪಾಲು ಬಿಲ್ಲೆಗಳು ನಮ್ಮೂರ ಗೋಡೆಯ ಬಣ್ಣದ ನೆಂಟರೇ. ಮುಂದಿನ ಹೆಸರು ಮೈಕಾ. ಅಭ್ರಕವೆಂದು ಪಠ್ಯಪುಸ್ತಕದಲ್ಲಿ ಓದಿಸುತ್ತಿದ್ದೆ. ಮಕ್ಕಳು ಹೊಳೆಯ ಮರಳಿನಲ್ಲಿ ಆರಿಸಿ ತಂದು 'ಕಾಗೆಬಂಗಾರ' ಎನ್ನುತ್ತಿದ್ದರು. ಹೆಸರಿಟ್ಟ ಪುಣ್ಯಾತ್ಮರಿಗೆ ಎಂಥ ಕಣ್ಣು! ಬಂಗಾರದಂತೆ ಮಿನುಗುತ್ತದೆ, ಬೆಲೆ ಮಾತ್ರ ಕಾಗೆಯದು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಕಾಗೆಬಂಗಾರದ ಸಾಕಷ್ಟು ಪಾಲು ಜಾರ್ಖಂಡ್, ಬಿಹಾರಗಳ ಕಾಡುಗಳಿಂದ ಬರುತ್ತದೆ. ಪಾಳುಬಿದ್ದ ಗಣಿಗಳಲ್ಲಿ ಅದನ್ನು ಆಯುವವರಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳೂ ಇದ್ದಾರೆಂಬುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸಂಗತಿ. ಇದನ್ನು ತಡೆಯಲು 2017ರಲ್ಲಿ ಹಲವು ಕಂಪನಿಗಳು ಸೇರಿ 'ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್' ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಕೆಲವು ಕಂಪನಿಗಳು ಕಾರ್ಖಾನೆಯಲ್ಲೇ ತಯಾರಾದ ಕೃತಕ ಅಭ್ರಕಕ್ಕೆ ತಿರುಗಿದವು. ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಕೆಲಹೊತ್ತು ಸುಮ್ಮನಿದ್ದು, ಮುಂದಿನ ಸಲ ಕೃತಕದ್ದನ್ನೇ ಹುಡುಕುತ್ತೇನೆಂದಳು. ಹಬ್ಬದ ಹೊತ್ತಿನಲ್ಲಿ ಮಗುವಿನ ಉತ್ಸಾಹಕ್ಕೆ ತಣ್ಣೀರೆರಚಿದೆನೇನೋ ಎಂದು ಮಗಳು ಗೊಣಗಿದಳು. ಇರಲಿ.

ಇನ್ನು ಪ್ರಯೋಗಕ್ಕೆ ಬರೋಣ. ಮೊದಲ ದಿನ ನಾನು ಕಂದಿನಿಂದ ಆಚೆ ಹೋಗಲು ಒಪ್ಪಲಿಲ್ಲ. ಅವಳು ಒಂದು ಹದವಾದ ಕಂದನ್ನು ರೆಪ್ಪೆಯ ಮಡಿಕೆಗೆ ಸವರಿದಳು. ಹಚ್ಚಿದ್ದು ಯಾರಿಗೂ ತಿಳಿಯಲಿಲ್ಲ, ನನಗೂ. ಎರಡನೆಯ ದಿನ ತಾಮ್ರ. ಇಲ್ಲಿ ನಮ್ಮ ವಯಸ್ಸಿನವರಿಗೆ ಉಪಯೋಗವಾಗುವ ಮಾತೊಂದನ್ನು ಕಲಿತೆ. ಸುಕ್ಕುಬಿದ್ದ ರೆಪ್ಪೆಗೆ ಮಿನುಗುವ ಪುಡಿಯನ್ನು ಎಲ್ಲೆಡೆ ಬಳಿದರೆ ಅದು ಗೆರೆಗೆರೆಗಳಲ್ಲಿ ಇಳಿದು ಕೂತು, ಬೇಸಿಗೆಯ ಕೆರೆಯಂಗಳದಂತೆ ಕಾಣುತ್ತದೆ. ಮಡಿಕೆಯಲ್ಲಿ ಹೊಳಪಿಲ್ಲದ ಬಣ್ಣ, ರೆಪ್ಪೆಯ ನಡುವೆ ಬೆರಳ ತುದಿಯಷ್ಟು ಮಾತ್ರ ಮಿನುಗು ಇದ್ದರೆ ಸರಿ. ಕುಂಚಕ್ಕಿಂತ ಉಂಗುರಬೆರಳೇ ಮೇಲು.

ಮೂರನೆಯ ದಿನ ನೇರಳೆ. ಮೆಟ್ಟಿಲಿಳಿದು ಬಂದೆ. ಯಜಮಾನರು ಕಾಫಿಯ ಲೋಟದಿಂದ ತಲೆಯೆತ್ತಿ, ಎದ್ದೇ ನಿಂತರು. "ಎಲ್ಲಿ ಬಿದ್ದೆ? ಕಣ್ಣಿಗೆ ಪೆಟ್ಟಾಯಿತೇ?" ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮೇಲೆ ಹೋಗಿ ಕನ್ನಡಿ ನೋಡಿದಾಗ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ನಾಲ್ಕನೆಯ ದಿನದ ಹಸಿರು ಮಾತ್ರ ನನ್ನನ್ನು ಸೋಲಿಸಿತು. ನೇರ ನೋಡಿದರೆ ಪಾಚಿ, ಓರೆಯಾಗಿ ನೋಡಿದರೆ ಹೊಂಬಣ್ಣ. ಮಳೆಗಾಲದಲ್ಲಿ ಹುಡುಗರು ಬೆಂಕಿಪೊಟ್ಟಣದಲ್ಲಿ ಹಿಡಿದಿಟ್ಟು ತರುತ್ತಿದ್ದ ಹಸಿರು ಜೀರುಂಡೆಯ ಬೆನ್ನಿನಂತೆ. ಈ ಜಾದೂ ಮಾಡುವುದು ಬರಿಯ ವರ್ಣದ್ರವ್ಯವಲ್ಲ. ಅಭ್ರಕದ ಸೂಕ್ಷ್ಮ ಪದರದ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳುವಾದ ಲೇಪವಿರುತ್ತದೆ. ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಮರಳಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ, ಕಳೆದು, ಒಂದು ಬಣ್ಣವನ್ನು ಉಳಿಸುತ್ತವೆ. ಲೇಪದ ದಪ್ಪ ಬದಲಾದರೆ ಬಣ್ಣವೂ ಬದಲು. ಸಾಬೂನಿನ ಗುಳ್ಳೆಯಲ್ಲಿಯೂ ನವಿಲುಗರಿಯಲ್ಲಿಯೂ ಇದೇ ಬಗೆಯ ತತ್ವ. ವರ್ಷಾನುಗಟ್ಟಲೆ ಕರಿಹಲಗೆಯ ಮೇಲೆ ಅಲೆಗಳನ್ನು ಬರೆದು ಹೇಳಿದ್ದನ್ನು ನನ್ನ ರೆಪ್ಪೆಯ ಮೇಲೆಯೇ ಕಂಡಾಗ, ಸುಳ್ಳೇಕೆ ಹೇಳಲಿ, ಕನ್ನಡಿ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಅಂದು ಸಂಜೆ ಮುಖ ತೊಳೆಯದೆಯೇ ಊಟಕ್ಕೆ ಕುಳಿತೆ.

ಐದನೆಯ ದಿನ ಮೊಮ್ಮಗಳು ನೀಲಿ ಬಿಲ್ಲೆಯ ಮೇಲೆ ಬೆರಳಿಟ್ಟಳು. ನಾನು ಬೇಡವೆಂದೆ. ಏಕೆಂದು ಕೇಳಿದಳು. ತಲೆನೋವೆಂದೆ.

1986. ಡಿಸೆಂಬರ್ ತಿಂಗಳಲ್ಲೇ ಶಾಲೆಯ ವಾರ್ಷಿಕೋತ್ಸವ. ಹೆಣ್ಣುಮಕ್ಕಳ ನೃತ್ಯದ ಹೊಣೆ ನನ್ನ ಮೇಲಿತ್ತು. ಒಂಬತ್ತನೆಯ ತರಗತಿಯಿಂದ ಎಂಟು ಹುಡುಗಿಯರನ್ನು ಆರಿಸಿದೆ. ಆಯ್ಕೆಗೆ ಬಂದವರಲ್ಲಿ ಕುಣಿತ ಚೆನ್ನಾಗಿ ಬರುತ್ತಿದ್ದ ಒಬ್ಬಳನ್ನು ಬಿಟ್ಟೆ. ಹೆಸರು ಬೇಡ. ಎತ್ತರ ಹೊಂದುವುದಿಲ್ಲ ಎಂದು ಅವಳಿಗೆ ಹೇಳಿದೆ. ಎತ್ತರ ಹೊಂದುತ್ತಿತ್ತು. ಹೊಂದದೇ ಇದ್ದದ್ದು, ನನ್ನ ಕಣ್ಣಿಗೆ, ಅವಳ ಮೈಬಣ್ಣ. ವೇದಿಕೆಯ ದೀಪದಲ್ಲಿ ಎಂಟೂ ಮುಖಗಳು ಒಂದೇ ಸಮನಾಗಿ ಕಾಣಬೇಕೆಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈ ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷಗಳು ಬೇಕಾದವು.

ಉತ್ಸವದ ದಿನ ಸಂಜೆ ನಾವು ಕೊಠಡಿಯೊಂದರಲ್ಲಿ ಆ ಎಂಟು ಜನರಿಗೆ ಪೌಡರು, ಕೆಂಪು ಹಚ್ಚುತ್ತಿದ್ದೆವು. ಅವಳು ಬಾಗಿಲಲ್ಲಿ ಬಂದು ನಿಂತಳು. ಎರಡೂ ರೆಪ್ಪೆಗಳ ಮೇಲೆ ಗಾಢವಾದ ನೀಲಿ. ಆ ಕಪ್ಪು ಮುಖದಲ್ಲಿ ನೀಲಿ ಅದೆಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಕೊಠಡಿಯಲ್ಲಿದ್ದವರೆಲ್ಲ ಒಂದು ಕ್ಷಣ ಕೈಕೆಲಸ ನಿಲ್ಲಿಸಿ ನೋಡಿದರು. ಬಹುಶಃ ಅದಕ್ಕೇ ನನಗೆ ಕೋಪ ಬಂದದ್ದು. "ನಿನಗೇಕೆ ಈ ವೇಷ? ನಿನಗೆ ಪಾತ್ರವಿದೆಯೇ?" ಎಂದೆ. ಉಳಿದ ಹುಡುಗಿಯರು ಕಿಸಕ್ಕನೆ ನಕ್ಕರು. ಕೊಳಾಯಿಗೆ ಹೋಗಿ ತೊಳೆದುಕೊಂಡು ಬರಲು ಹೇಳಿದೆ. ಅಷ್ಟು ಸಾಲದೆಂದು ಸಾಬೂನು ಕೊಟ್ಟು ಹಿಂದೆಯೇ ಹೋಗಿ ನಿಂತೆ. ಅವಳು ಉಜ್ಜಿದಳು. ಕಾಲಡಿಯ ಕಲ್ಲಿನ ಮೇಲೆ ನೀರು ನೀಲಿಯಾಗಿ ಹರಿಯಿತು. ಕಣ್ಣು ಕೆಂಪಾದರೂ ರೆಪ್ಪೆಯ ಮೇಲೆ ಬಣ್ಣದ ನೆರಳು ಉಳಿದೇ ಇತ್ತು. ಅವಳು ಅಳಲಿಲ್ಲ. ಮರುದಿನದಿಂದ ಮುಂದಿನ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಹೋದಳು. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕಗಳೇ ಬಂದವು. ಅಂಕಪಟ್ಟಿ ಹಿಡಿದು ನಮಸ್ಕರಿಸಲು ಬಂದವರಲ್ಲಿ ಅವಳಿರಲಿಲ್ಲ.

ನಾನು ಬಣ್ಣದ ವೈರಿಯಾಗಿ ಬೆಳೆದವಳೂ ಅಲ್ಲ. ಬಾಲ್ಯದಲ್ಲಿ ತಂದೆಯವರು ನನ್ನನ್ನು ಯಕ್ಷಗಾನಕ್ಕೆ ಕರೆದೊಯ್ಯುತ್ತಿದ್ದರು. ಆಟ ಶುರುವಾಗುವ ಮೊದಲೇ ಚೌಕಿಗೆ ನುಗ್ಗಿ, ಅರದಾಳ, ಇಂಗಳೀಕ, ಕಾಡಿಗೆಗಳನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ತಮ್ಮ ಕಣ್ಣುಗಳನ್ನು ತಿದ್ದಿಕೊಳ್ಳುತ್ತಿದ್ದ ಗಂಡಸರನ್ನು ಬೆರಗಿನಿಂದ ನೋಡುತ್ತಿದ್ದೆ. ಮೀಸೆ ಹೊತ್ತ ರೈತನೊಬ್ಬ ನನ್ನ ಕಣ್ಣೆದುರೇ ರಾವಣನಾಗುತ್ತಿದ್ದ. ಅದನ್ನು ಕಲೆಯೆಂದೆ. ಹದಿನಾಲ್ಕು ವರ್ಷದ ಹುಡುಗಿ ಅದೇ ಕೆಲಸ ಮಾಡಿದಾಗ ಅಹಂಕಾರವೆಂದೆ.

ಆ ನೀಲಿ ಅವಳಿಗೆ ಎಲ್ಲಿಂದ ಬಂತು? ಆ ಊರಿನಲ್ಲಿ ಆಗ ಐಶ್ಯಾಡೋ ಮಾರುವ ಅಂಗಡಿಯಿರಲಿಲ್ಲ. ಇದ್ದರೂ ಅವರ ಮನೆಯಲ್ಲಿ ಕೊಳ್ಳುವ ಶಕ್ತಿಯಿರಲಿಲ್ಲ. ಈ ಪ್ರಶ್ನೆ ನನಗೆ ಹೊಳೆದದ್ದೇ ನ್ಯೂಜೆರ್ಸಿಯಲ್ಲಿ, ಆ ರಾತ್ರಿ ನಿದ್ದೆ ಬಾರದೆ ಎದ್ದು ಮತ್ತೆ ಪೆಟ್ಟಿಗೆಯ ಹಿಂಬದಿಯನ್ನು ಓದುವಾಗ. 77007, ಅಲ್ಟ್ರಾಮರೀನ್. ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳ ನೀಲಗಲ್ಲನ್ನು ಅರೆದು ತೆಗೆಯುತ್ತಿದ್ದ, ಬಂಗಾರದಷ್ಟೇ ತುಟ್ಟಿಯಾಗಿದ್ದ ಬಣ್ಣ. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬಾತ ಅದನ್ನು ಕಾರ್ಖಾನೆಯಲ್ಲಿ ಮಾಡುವ ದಾರಿ ಕಂಡುಹಿಡಿದ ಮೇಲೆ ಅಗ್ಗವಾಯಿತು. ಎಷ್ಟು ಅಗ್ಗವೆಂದರೆ, ಬಿಳಿಯ ಪಂಚೆ, ಅಂಗಿಗಳನ್ನು ಜಾಲಿಸುವ ನೀರಿಗೆ ಬೆರೆಸುವ ನೀಲಿ ಪುಡಿಯಾಗಿ ನಮ್ಮೂರ ಕಿರಾಣಿ ಅಂಗಡಿಗೂ ಬಂತು. ನೀಲಿ! ಅವಳ ತಾಯಿ ನಾಲ್ಕಾರು ಮನೆಗಳ ಬಟ್ಟೆ ಒಗೆಯುತ್ತಿದ್ದವರು. ಕಲ್ಲಿನ ಮೇಲೆ ಹರಿದ ನೀರನ್ನು ನಾನು ಕಣ್ಣಾರೆ ಕಂಡಿದ್ದೆ. ಪ್ರತಿ ಭಾನುವಾರ ನನ್ನ ಬಚ್ಚಲಿನಲ್ಲಿಯೂ ಅದೇ ನೀರು ಹರಿಯುತ್ತಿತ್ತು. ಗುರುತಿಸಲಿಲ್ಲ.

(ಓದುಗರಲ್ಲಿ ಯಾರೂ ಬಟ್ಟೆಯ ನೀಲಿಯನ್ನು ಕಣ್ಣಿಗೆ ಹಚ್ಚಿ ನೋಡಬೇಡಿ. ಪ್ರಸಾಧನಕ್ಕೆ ಬಳಸುವುದನ್ನು ಶುದ್ಧಿಮಾಡಿರುತ್ತಾರೆ.)

ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತ ಹೋಗಿ ಬೆಳಕಿನ ನೀಲಿ ಭಾಗವನ್ನು ತಡೆಯುತ್ತದೆ. ಅದು ನಿಧಾನವಾಗಿ ಆಗುವುದರಿಂದ ನಮಗೆ ತಿಳಿಯುವುದೇ ಇಲ್ಲ. ತಿಳಿಯಾದ ಹೊಸ ಮಸೂರವಿಟ್ಟ ಮರುದಿನ ಆಕಾಶವನ್ನು ನೋಡಿ ಹೌಹಾರಿದ್ದೆ. ಅಂದರೆ ಆ ಬಿಲ್ಲೆಯ ನೀಲಿಯನ್ನು ನಾನು ನೋಡುತ್ತಿದ್ದುದು ಹೆಚ್ಚುಕಡಿಮೆ ನನ್ನ ಮೂವತ್ತನಾಲ್ಕನೆಯ ವಯಸ್ಸಿನ ಕಣ್ಣಿನಿಂದಲೇ.

ಡಿಸೆಂಬರ್ 31ರ ಸಂಜೆ ಅಲ್ಲಿನ ಕನ್ನಡದವರ ಮನೆಯೊಂದರಲ್ಲಿ ಊಟವಿತ್ತು. ನಾನೇ ಮೊಮ್ಮಗಳ ಕೋಣೆಯ ಬಾಗಿಲು ತಟ್ಟಿ ನೀಲಿ ಹಚ್ಚಲು ಹೇಳಿದೆ. "ಪೂರ್ತಿ ರೆಪ್ಪೆಗಾ?" ಎಂದಳು. ಪೂರ್ತಿ ಎಂದೆ. ಕಣ್ಣು ಮುಚ್ಚಿ ಕುಳಿತೆ. ಇನ್ನೊಬ್ಬರ ಬೆರಳು ಮುಚ್ಚಿದ ರೆಪ್ಪೆಯ ಮೇಲೆ ಅಷ್ಟು ಹಗುರವಾಗಿ ಆಡುವಾಗ ಮನುಷ್ಯ ಎಷ್ಟು ನಿರಾಯುಧನಾಗಿರುತ್ತಾನೆಂಬುದು ಆಗ ತಿಳಿಯಿತು. ಬೆಳ್ಳಿಕೂದಲು, ಬೂದುಬಣ್ಣದ ಮೈಸೂರು ರೇಷ್ಮೆ ಸೀರೆ, ಹಣೆಯಲ್ಲಿ ಕುಂಕುಮ, ಕಣ್ಣಿನ ಮೇಲೆ ಬಟ್ಟೆಯ ನೀಲಿ. ಊಟದ ಮನೆಯಲ್ಲಿ ಇಬ್ಬರು ಹೊಗಳಿದರು. ಒಬ್ಬರು ಹೊಗಳುವಂತೆ ಮಾಡಿ ತಮ್ಮ ಪಕ್ಕದವರ ಕಡೆ ನೋಡಿದರು. ಆ ನೋಟ ಹೇಗಿರುತ್ತದೆಂದು ನನಗೆ ತಿಳಿಯಬೇಕಿತ್ತು, ತಿಳಿಯಿತು. ನಾನು ಮುಖ ತೊಳೆಯಲು ಹೋಗಲಿಲ್ಲ.

ಹೊರಡುವಾಗ ಮೊಮ್ಮಗಳು ಆ ಪೆಟ್ಟಿಗೆಯನ್ನು ನನ್ನ ಚೀಲಕ್ಕೆ ಹಾಕಿದಳು. ಅದರ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಒಳಗೆ '24' ಎಂಬ ಅಂಕೆ: ತೆರೆದ ಇಪ್ಪತ್ತನಾಲ್ಕು ತಿಂಗಳೊಳಗೆ ಬಳಸಿ ಮುಗಿಸಬೇಕು. 2024ರ ಡಿಸೆಂಬರಿಗೆ ಆ ಅವಧಿಯೂ ಮುಗಿಯಿತು. ಎಸೆದುಬಿಡು ಎಂದು ಫೋನಿನಲ್ಲಿ ನೆನಪಿಸಿದಳು. ಆಗಲೇ ನಾನು, ಅಲ್ಲಿಯತನಕ ಮುಂದೂಡುತ್ತ ಬಂದಿದ್ದ ಇನ್ನೊಂದು ಕೆಲಸವನ್ನು ಮಾಡಿದೆ. ಅವಳ ಸಹಪಾಠಿಯೊಬ್ಬಳಿಂದ ಅವಳ ದೂರವಾಣಿ ಸಂಖ್ಯೆಯನ್ನು ಪಡೆದೆ.

ಹೆಸರು ಹೇಳಿದ ಕೂಡಲೇ ಗುರುತಿಸಿದಳು. ಕುಶಲ ಪ್ರಶ್ನೆಗಳಾದವು. ಮಕ್ಕಳಿಬ್ಬರು, ಹಿರಿಯಳು ನರ್ಸ್. ಪೀಠಿಕೆ ಹಾಕಿದರೆ ಮಾತು ಜಾರಿಹೋದೀತೆಂದು ಹೆದರಿ, ನೇರವಾಗಿ ಆ ಸಂಜೆಯ ವಿಷಯ ಎತ್ತಿದೆ. ಎತ್ತರದ ಸುಳ್ಳನ್ನೂ ಹೇಳಿದೆ. ತಪ್ಪಾಯಿತೆಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಎಲ್ಲೋ ಕುಕ್ಕರು ಕೂಗಿತು.

"ನೆನಪಿದೆ ಟೀಚರ್" ಎಂದಳು. "ಅದು ಅಮ್ಮನ ಬಟ್ಟೆ ನೀಲಿ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದೆ."

ನಾನು ನನ್ನ ಹಾಲಿಡೇ ಪೆಟ್ಟಿಗೆಯ ಕಥೆಯನ್ನು ಹೇಳಿದೆ. ಎಪ್ಪತ್ತರಲ್ಲಿ ರೆಪ್ಪೆ ತುಂಬ ನೀಲಿ ಹಚ್ಚಿಕೊಂಡು ಊಟಕ್ಕೆ ಹೋದದ್ದನ್ನು ಹೇಳಿದೆ. ಅವಳು ನಗಲಿಲ್ಲ. ಪರವಾಗಿಲ್ಲ ಬಿಡಿ ಎಂದೂ ಅನ್ನಲಿಲ್ಲ. ಸ್ವಲ್ಪ ತಡೆದು ಕೇಳಿದಳು:

"ಉರಿಯಲಿಲ್ಲವಾ ಟೀಚರ್, ಕಣ್ಣು?"

ಇಲ್ಲ ಎಂದೆ.

"ನನಗೆ ಎರಡು ದಿನ ಉರಿದಿತ್ತು" ಎಂದಳು. ಆಮೇಲೆ, ಒಲೆಯ ಮೇಲೆ ಅನ್ನವಿದೆ, ಮತ್ತೆ ಮಾಡುತ್ತೇನೆಂದು ಫೋನು ಇಟ್ಟಳು.